ಕನ್ನಡದಾಗ ಇದೊಂದೇ ಇತ್ರಿ

“ಇದನ್ನ ಬರದವರು ಸಿಕ್ಕರ, ಹಚ್ಚಿ ನೋಡಿ ಬರದ್ರೇನ್ರಿ ಅಂತ ಕೇಳಾಕಿ ನಾ” ಎನ್ನುತ್ತ ಆಕೆ ಸುಟ್ಟ ಚಾರ್ಜರ್ ಜೊತೆಗೆ ತನ್ನ ಮೊಬೈಲನ್ನೂ ನನ್ನ ಮುಂದೆ ಹಿಡಿದಳು. ಅಣ್ಣಿಗೇರಿಯ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಇಬ್ಬರೂ ಸರದಿಗೆ ಕಾಯುತ್ತಿದ್ದೆವು. ಊರವರ ಅರ್ಜಿ ಟೈಪ್ ಮಾಡಿಕೊಟ್ಟು ದುಡಿಯುವ ಹೆಣ್ಣುಮಗಳು, ಹೆಸರು ಶಮೀಮ್. ಆನ್‌ಲೈನ್‌ನಲ್ಲಿ ತರಿಸಿದ ಆ ಚಾರ್ಜರ್ ಆಕೆಯ ಲ್ಯಾಪ್‌ಟಾಪನ್ನೂ ಸುಟ್ಟಿತ್ತು.

“ಉಳಿದವೆಲ್ಲಾ ಇಂಗ್ಲಿಷಿನ್ಯಾಗ ಇದ್ದೂರಿ. ಕನ್ನಡದಾಗ ಇದೊಂದೇ ಇತ್ತು. ನಮ್ಮ ಕಡಿಯವ್ರು ಸುಳ್ಳ್ಯಾಕ ಬರೀತಾರ ಅಂತ ತಗೊಂಡೆ.”

ಮೊಬೈಲಿನಲ್ಲಿ ಆ ಚಾರ್ಜರಿನ ರಿವ್ಯೂ: ಐದು ನಕ್ಷತ್ರ, ಅದರ ಕೆಳಗೆ ‘ಅಗದಿ ಚಲೋ ಐತಿ, ಕಣ್ಣು ಮುಚ್ಚಿ ತಗೋರಿ’. ಬರೆದವರ ಹೆಸರಿರಲಿಲ್ಲ. ಆದರೆ ಅದು ನನ್ನದೇ ಸಾಲು. ಐದು ನಕ್ಷತ್ರ ಕೊಟ್ಟರೆ ಮೌಸ್ ಪುಕ್ಕಟೆ ಎಂಬ ಚೀಟಿ ನಾನೂ ತರಿಸಿದ್ದ ಅದೇ ಚಾರ್ಜರಿನ ಡಬ್ಬಿಯಲ್ಲಿತ್ತು. ಹಚ್ಚಿ ನೋಡುವ ಮೊದಲೇ ಬರೆದಿದ್ದೆ. ತಿಂಗಳೊಳಗೆ ಸುಟ್ಟ ವಾಸನೆ ಬಂದಾಗ ಚಾರ್ಜರನ್ನು ಎಸೆದೆನೇ ಹೊರತು ಬರೆದದ್ದನ್ನು ಅಳಿಸಲಿಲ್ಲ. ಆ ಮೌಸ್ ಆಗಲೂ ನನ್ನ ಚೀಲದಲ್ಲಿತ್ತು.

“ಖರೆ ಐತವಾ” ಎಂದಷ್ಟೇ ಅಂದೆ. ನನ್ನ ಸರದಿ ಬಂತು, ಎದ್ದೆ.

ಮನೆಗೆ ಬಂದು ಆ ಸಾಲನ್ನು ಅಳಿಸಲು ಕುಳಿತೆ. ಇದರಿಂದ ಉಪಯೋಗವಾಯಿತು ಎಂದು ಹದಿನಾಲ್ಕು ಮಂದಿ ಒತ್ತಿದ್ದರು. ಅವರಲ್ಲಿ ಯಾರನ್ನೂ ನಾನು ಕಂಡಿಲ್ಲ. ಕಂಡಿದ್ದು ಶಮೀಮ್ ಒಬ್ಬಳನ್ನೇ. ಆಕೆಗೂ ಹೇಳಲಿಲ್ಲ.