ಟವೆಲ್ ಹಾಕಿದ ಸೀಟು

ಮೊಣಕಾಲು ಡಾಕ್ಟರಿಗೆ ತೋರಿಸಲು ಖಾನಾಪುರದಿಂದ ಬೆಳಗಾವಿಗೆ ಹೊರಟಿದ್ದೆ. ನಿಂತು ಹೋಗುವ ಶಕ್ತಿ ಇರಲಿಲ್ಲ. ಕೋಲಾರದಿಂದ ಬಂದು ಇಲ್ಲೇ ಮುದುಕಿಯಾದೆ. ಟವೆಲ್ ಹಾಕಿ ಸೀಟು ಹಿಡಿಯಲು ಬಸ್ಸಿನ ಕಿಟಕಿ ಮಾತ್ರ ಇನ್ನೂ ಎಟುಕಿಲ್ಲ.

ಪಕ್ಕದಲ್ಲಿ ಎತ್ತರದ ವಿದೇಶಿಯೊಬ್ಬ ನಿಂತಿದ್ದ. ಅವನ ಜೊತೆಗಿದ್ದ ಪಿ.ಟಿ. ಮಾಸ್ತರು ಹೇಳಿದರು: "ಕ್ರೊಯೇಷಿಯಾದವ್ರು ರೀ ಅಮ್ಮಾರ. ಫುಟ್‌ಬಾಲ್‌ನ್ಯಾಗ ಡಿಫೆಂಡರ್ ಇದ್ರು. ಮೊಣಕಾಲು ಹೋದ ಮ್ಯಾಲ ಕೋಚ್ ಆದ್ರು. ನಮ್ಮ ಸಾಲಿ ಹುಡಿಗ್ಯಾರಿಗೆ ಕಲಿಸಾಕ ಬಂದಾರ."

ಬಸ್ಸು ಬಂತು. ಮಾಸ್ತರ ಮೂಲಕ ಕೇಳಿಕೊಂಡು ಟವೆಲ್ ಕೊಟ್ಟೆ. ಆತ ಅದನ್ನು ಕಿಟಕಿಯೊಳಗೆ ಹಾಕಿ, ಎಲ್ಲರಿಗಿಂತ ಮೊದಲು ಹತ್ತಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸೀಟಿಗೆ ಅಡ್ಡ ನಿಂತ. ಕೈಗೆ ಚೆಂಡು ತಾಗದಿರಲೆಂದು ಡಿಫೆಂಡರುಗಳು ಹಾಗೇ ನಿಲ್ಲುತ್ತಾರಂತೆ. ಎಡಕ್ಕೆ ನುಗ್ಗಿದವರಿಗೆ ಎಡಕ್ಕೆ ವಾಲಿದ, ಬಲಕ್ಕೆ ನುಗ್ಗಿದವರಿಗೆ ಬಲಕ್ಕೆ. ಕೊನೆಗೆ ನಾನು ಬಂದೆ, ನನ್ನನ್ನೂ ಬಿಡಲಿಲ್ಲ! ಸೆರಗು ಹೊದ್ದ ಮುದುಕಿಯರೆಲ್ಲ ಅವನಿಗೆ ಒಂದೇ ಥರ ಕಂಡಿರಬೇಕು.

"ಬಿಡ್ರೀ ಸಾಹೇಬ್ರ, ಆ ಟವೆಲ್ ಇವರದ ಐತಿ!" ಎಂದು ಕಂಡಕ್ಟರ್ ಕೂಗಿದ. ಮಾಸ್ತರು ಇಂಗ್ಲಿಷಿನಲ್ಲಿ ಕೂಗಿದ ಮೇಲೆ ಆತ ನಕ್ಕು ಸರಿದ.

ಬೆಳಗಾವಿಯವರೆಗೂ ಆತ ಮೊಣಕಾಲು ತಿಕ್ಕಿಕೊಳ್ಳುತ್ತ ನಿಂತೇ ಬಂದ. ಮೊಣಕಾಲು ಇಬ್ಬರದೂ ಹೋಗಿತ್ತು. ಅವನಿಗೆ ಕೋಚ್ ಕೆಲಸ ಸಿಕ್ಕಿತು, ನನಗೆ ಸೀಟು. ಆ ದಿನದ ಮಟ್ಟಿಗೆ ನನ್ನದೇ ವಾಸಿ.