ನೋಡಿದ್ದನ್ನು ಬರೆಯಲು ಖಾನೆಯಿಲ್ಲ

ಬೆಳಗಿನ ಐದೂ ಮುಕ್ಕಾಲು. ತರಬೇತಿ ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಮಡಚುವ ಮೇಜಿನ ಹಿಂದೆ ಕುಳಿತ ಮೇಷ್ಟ್ರು ದುರ್ಬೀನಿಗೆ ಕಣ್ಣು ಹಚ್ಚಿದ್ದಾರೆ. ಎದುರಿನ ಪೊದೆ, ಕಲ್ಲು, ಗೊಬ್ಬರದ ತಿಪ್ಪೆಗಳ ನಡುವೆ ಎಲ್ಲೋ ಅವರ ಆರು ಶಿಷ್ಯರು ಹೊಟ್ಟೆಯ ಮೇಲೆ ತೆವಳುತ್ತಿದ್ದಾರೆ. ಪಕ್ಕದ ಕುರ್ಚಿಯಲ್ಲಿ ಡ್ರೋನ್ ಹಾರಿಸುವ ಅಧಿಕಾರಿಣಿ ತನ್ನ ಪರದೆ ಒರೆಸಿಕೊಳ್ಳುತ್ತಿದ್ದಾರೆ.

ಸೈನ್ಯದಲ್ಲಿ ಇವರು ‘ಹಲ್ಲಿ ಮೇಷ್ಟ್ರು’. ಬೇಹು ನೋಡುವ ಸ್ನೈಪರ್ ಆಗಿ ಇಪ್ಪತ್ತು ವರ್ಷ, ಅದನ್ನು ಕಲಿಸುತ್ತ ಎಂಟು ವರ್ಷ. ಈ ಕೆಲಸದಲ್ಲಿ ಗುಂಡು ಹಾರಿಸುವುದು ಬಾಲ ಮಾತ್ರ; ದಿನಗಟ್ಟಲೆ ಮಿಸುಕದೆ ಮಲಗಿ, ಎದುರಿನವರು ಯಾರು, ಕೈಯಲ್ಲೇನಿದೆ ಎಂದು ಪೆನ್ಸಿಲಿನಲ್ಲಿ ಬರೆದು ತರುವುದೇ ತಲೆ. ಆ ತಲೆಯನ್ನು ಈಗ ಡ್ರೋನ್ ಕೇಳುತ್ತಿದೆ. ತರಗತಿ ಉಳಿಯುತ್ತದೋ ಮುಚ್ಚುತ್ತದೋ, ಇಂದಿನ ಪರೀಕ್ಷೆಯೇ ಹೇಳಬೇಕು.

ಮೇಷ್ಟ್ರ ಮೊಣಕೈ ಚರ್ಮ ಚಪ್ಪಲಿಯ ಅಟ್ಟೆಯಂತಿದೆ. ಮೂತ್ರ ಕಟ್ಟಿ ಕಟ್ಟಿ ಕಿಡ್ನಿ ಸೋತಿದೆ. ದಿನಕ್ಕೆ ನಾಲ್ಕು ಮಾತ್ರೆ. “ಮೂಗಿನ ಮೇಲಿರೋ ಕನ್ನಡಕ ಮನೆಯೆಲ್ಲ ಹುಡುಕ್ತಾರೆ, ಬೆಟ್ಟದಾಚೆ ಇರೋರು ಮಾತ್ರ ಕಾಣ್ತಾರೆ ಇವರಿಗೆ” ಎಂದು ಹೆಂಡತಿ ನಗುತ್ತಾರೆ.

ಡ್ರೋನ್ ಏರಿದ ಹನ್ನೊಂದೇ ನಿಮಿಷಕ್ಕೆ, ಶಾಖ ತೋರಿಸುವ ಪರದೆಯಲ್ಲಿ ಐದು ಬಿಳಿ ಚುಕ್ಕಿಗಳು. “ಮೈ ಬಿಸಿ ಅಡಗಲ್ಲ ಸಾರ್” ಎಂದು ಅಧಿಕಾರಿಣಿ ಮೆಲ್ಲಗೆ ಹೇಳುತ್ತಾರೆ, ತಪ್ಪು ತನ್ನದೇ ಎಂಬಂತೆ. ಮುಕ್ಕಾಲು ಗಂಟೆಯಾದರೂ ಆರನೆಯವನಿಲ್ಲ. ಸೀಟಿ ಊದಿದಾಗ, ಹಬೆಯಾಡುವ ತಿಪ್ಪೆಯ ಮಗ್ಗುಲಿಂದ ಒಬ್ಬ ಎದ್ದು ಬರುತ್ತಾನೆ.

“ಎಲ್ಲ ಬಿಟ್ಟು ಅಲ್ಲಿ ಯಾಕೋ ಮಲಗಿದ್ದೆ?”

“ನೀವೇ ಹೇಳಿದ್ರಲ್ಲ ಸಾರ್, ಬಿಸಿ ಮುಚ್ಚೋಕೆ ಬಿಸೀನೇ ಬೇಕು ಅಂತ.”

“ಹೇಳಿದ್ದೆ ಕಣೋ. ಸ್ವಲ್ಪ ಆಚೆ ನಿಂತು ಮಾತಾಡು.”

ಅವನ ಕೈಯಲ್ಲೊಂದು ಪೆನ್ಸಿಲ್ ಚಿತ್ರ. ನೋಡಿ ಗುರುತಿಸಲೆಂದು ಮೈದಾನದ ತುದಿಯ ಮನೆಬಾಗಿಲಲ್ಲಿ ಮೇಷ್ಟ್ರು ಕ್ಯಾಂಟೀನಿನ ಅಡುಗೆಯವರನ್ನು ನಿಲ್ಲಿಸಿದ್ದರು. ಡ್ರೋನ್ ವರದಿ: ‘ಹೆಗಲ ಮೇಲೆ ಬಂದೂಕು ಹೊತ್ತ ಗಂಡಸು’. ಚಿತ್ರದಲ್ಲಿರುವುದು ಮಡಚಿದ ಕೊಡೆ. ಹಿಡಿ ಬಾಗಿದೆ, ಒಂದು ಕಡ್ಡಿ ಮುರಿದಿದೆ.

ಪರೀಕ್ಷೆಗೆ ಬಂದ ಹಿರಿಯ ಅಧಿಕಾರಿ ಚಿತ್ರವನ್ನು ತಿರುಗಿಸಿಯೂ ನೋಡುತ್ತಾರೆ. “ಚೆನ್ನಾಗಿದೆ ಮೇಷ್ಟ್ರೇ. ಆದ್ರೆ ಫಾರ್ಮಲ್ಲಿ ಎಷ್ಟು ಜನ ಸಿಕ್ಕಿಬಿದ್ರು ಅಂತ ಮಾತ್ರ ಇದೆ. ಇದನ್ನ ಎಲ್ಲಿ ಬರೀಲಿ?” ಆರಕ್ಕೆ ಐದು ಎಂದು ತುಂಬುತ್ತಾರೆ. ತಿಂಗಳ ಕೊನೆಗೆ ತರಗತಿ ಬಂದ್.

ಮಧ್ಯಾಹ್ನ ಮನೆಯಲ್ಲಿ, ಎಷ್ಟು ಜನರನ್ನು ಹೊಡೆದಿದ್ದೀರಿ ಎಂದು, ಇವರ ಬಗ್ಗೆ ಬರೆಯಲು ಬಂದ ನಾನು ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದ ಪ್ರಶ್ನೆಗೆ ಮೇಷ್ಟ್ರು ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋಗುತ್ತಾರೆ. ನಾಲ್ಕು ದಿನ ಕಾದ ಮನೆ. ಐದನೆಯ ದಿನದ ನಸುಕಿನಲ್ಲಿ ತಾರಸಿಯ ಮೇಲೆ ಉದ್ದನೆಯದೇನೋ ಹಿಡಿದ ಗಂಡಸು. “ರೇಡಿಯೋದಲ್ಲಿ ಹೊಡಿ, ಹೊಡಿ ಅಂತಾನೇ ಇದ್ರು. ತಡೀರಿ ಅಂದೆ. ಬೆಳಕು ಹರಿದಾಗ ನೋಡಿದ್ರೆ ನಲ್ಲಿ ಪೈಪು. ಅವನ ಮಗಳು ಕೆಳಗಿಂದ ಬಕೆಟ್ ಎತ್ತಿ ಕೊಡ್ತಿದ್ಲು.”

ಪದಕಗಳು? “ಎರಡಿವೆ, ಹೊಡೆದಿದ್ದಕ್ಕೆ ಕೊಟ್ಟಿದ್ದು. ಎಲ್ಲಿವೆಯೋ, ನಮ್ಮನೆಯವಳನ್ನ ಕೇಳಿ.”

ಬೀರುವಿನಿಂದ ಮೇಷ್ಟ್ರು ತೆಗೆಯುವುದು ಒಂದು ಪ್ಲಾಸ್ಟಿಕ್ ಲಕೋಟೆ. ಒಳಗಿರುವುದು ಅಂದು ಮಾತು ಮೀರಿದ್ದಕ್ಕೆ ಬಂದ ನೋಟಿಸು, ಹಳದಿಗಟ್ಟಿದೆ. ಗೊಬ್ಬರದ ವಾಸನೆ ಬಿಡದ ಕೊಡೆಯ ಚಿತ್ರವನ್ನೂ ಅದರ ಬೆನ್ನಿಗೆ ಸೇರಿಸುತ್ತಾರೆ.

“ತರಗತಿ ಹೋದ್ರೆ ಹೋಗ್ಲಿ. ಆ ಫಾರ್ಮಿಗೆ ಒಂದೇ ಒಂದು ಖಾನೆ ಸೇರಿಸಲಿ, ಕೈಯಲ್ಲಿ ಏನಿತ್ತು ಅಂತ.”