ವಾಡಿಗೆ ಲೈನ್ ತಂದ ಶಶಿಕಾಂತ ಬಿರಾದಾರರು

ಮುಂಬಯಿಯ ದೂರವಾಣಿ ಇಲಾಖೆಯಲ್ಲಿ ನೆಲದಡಿಯ ಕೇಬಲ್ಲಿನ ಕೆಲಸ ಬಲ್ಲವರ ಹೆಸರು ಹೇಳುವಾಗ ಶ್ರೀ ಶಶಿಕಾಂತ ಬಿರಾದಾರರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಿಜಯಪುರದಿಂದ ಬಂದು ಕುರ್ಲಾದ ಎಕ್ಸ್‌ಚೇಂಜಿನಲ್ಲಿ ಸೇವೆಗೆ ಸೇರಿದ ಅವರು, ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗಳಿಗೆ ಕೆಲಸಗಾರರಿಗಿಂತ ಮೊದಲು ತಾವೇ ಇಳಿಯುತ್ತಿದ್ದರು. ಫೋರ್ಟ್ ಕಚೇರಿಗೆ ಅಧಿಕಾರಿಯಾಗಿ ಬಂದ ಮೇಲೂ ಆ ರೂಢಿ ಬಿಡಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿತ ನನಗೆ ಹೆರಿಗೆಯ ನಂತರ ರಾತ್ರಿಪಾಳಿ ಬಿದ್ದಾಗ, ಕೇಳುವ ಮುನ್ನವೇ ಅದನ್ನು ತಮ್ಮ ಮೇಲೆ ಹಾಕಿಕೊಂಡವರು ಅವರು.

ಆದರೆ ಇಲ್ಲಿ ಹೇಳಲೇಬೇಕಾದದ್ದು ಬೇರೊಂದು ಸಂಗತಿ.

ಸಮುದ್ರದ ನೀರು ಒಳನುಗ್ಗುವ ಗೊರಾಯಿ ಖಾಡಿಯಾಚೆ, ತರಕಾರಿ ಬೆಳೆದು ಬದುಕುವ ಕೆಲವೇ ಮನೆಗಳ ಒಂದು ವಾಡಿಯಿದೆ. ಎರಡು ವರ್ಷಗಳ ಹಿಂದೆ ಅಲ್ಲಿ ಬಿರಾದಾರರ ಊರಿನವರೇ ಆದ ಖಂಡಪ್ಪನವರು ಹಾವು ಕಡಿದು ತೀರಿಕೊಂಡರು. ಮಾತಾಡಿಸಲು ಹೋದ ಬಿರಾದಾರರ ಜೊತೆ ನಾನೂ ಇದ್ದೆ. ಖಂಡಪ್ಪನವರ ಪತ್ನಿ ಮಲ್ಲವ್ವನವರ ಕಣ್ಣಲ್ಲಿ ನೀರಿರಲಿಲ್ಲ. "ಫೋನ್ ಕೈಯಾಗ ಇತ್ರಿ ಸಾಹೇಬ್ರ. ಹಚ್ಚೇ ಹಚ್ಚಿದ್ನಿ. ದನಿ ಹೋಗಲಿಲ್ರಿ" ಎಂದರು. ಖಾಡಿಯ ಈಚೆ ಕಾಂದಿವಲಿಯ ಎತ್ತರದ ಬಿಲ್ಡಿಂಗುಗಳು ಕಣ್ಣೆದುರೇ ನಿಂತಿದ್ದವು.

ಸಿಗ್ನಲ್ಲೇ ಸಿಗದ ಆ ವಾಡಿಗೆ ಫೋನ್ ಲೈನ್ ತರಲು ಬಿರಾದಾರರು ಅಲೆದಾಡಿದರು. ಇಷ್ಟು ಸಣ್ಣ ವಾಡಿಗೆ ಫೈಬರ್ ಕೇಬಲ್ ತಂದರೆ ಲಾಭವಿಲ್ಲವೆಂದು ಕಂಪನಿಗಳು ಕೈಚೆಲ್ಲಿದವು. ಕೊನೆಗೆ ಮನೀಶ್ ಎಂಬ ಕೇಬಲ್ ವ್ಯಾಪಾರಿ, ಅಗೆತ ಮತ್ತು ಪೈಪು ನಿಮ್ಮದಾದರೆ ಲೈನ್ ನನ್ನದು ಎಂದು ಒಪ್ಪಿದರು. ಮನೆಮನೆಯವರು ವಂತಿಗೆ ಕೂಡಿಸಿದರು. ಬಿರಾದಾರರು ರಜೆಯ ದಿನಗಳನ್ನೆಲ್ಲ ಅಲ್ಲಿಯೇ ಕಳೆದರು. ಎಲ್ಲರಿಗಿಂತ ಹೆಚ್ಚು ಅಗೆದವರು ಖಂಡಪ್ಪನವರ ತಮ್ಮ ಭೀಮರಾಯ.

ಲೈನ್ ಶುರುವಾಗಬೇಕಿದ್ದ ಭಾನುವಾರ ಬೆಳಿಗ್ಗೆ ನಾವು ಹೋಗಿ ನೋಡಿದರೆ, ಹೂತಿದ್ದ ಕೇಬಲ್ಲನ್ನು ಯಾರೋ ಕಿತ್ತು ಕಡಿದಿದ್ದರು, ಬದುವಿನುದ್ದಕ್ಕೂ ಅದು ತುಂಡುತುಂಡಾಗಿ ಬಿದ್ದಿತ್ತು. ಯಾರ ಕೆಲಸವಿದು ಎಂದು ಎಲ್ಲರೂ ಕೂಗಾಡುತ್ತಿರುವಾಗ ಭೀಮರಾಯ ಮುಂದೆ ಬಂದರು.

"ನಾನ ಕಡದೇನ್ರಿ. ವೈರ್ ಬಂತಂದ್ರ ರೋಡ್ ಬರತೈತಿ, ರೋಡಿನ ಹಿಂದ ಬಿಲ್ಡರ್ ಬರತಾನ. ಈ ಜಾಗದ್ದು ನಮ್ಮ ಕಡೆ ಒಂದು ಕಾಗದಾನೂ ಇಲ್ರಿ."

ಅಣ್ಣನನ್ನು ಕಳೆದುಕೊಂಡವರೇ, ತಾವೇ ಬೆವರು ಸುರಿಸಿ ಹೂತ ಕೇಬಲ್ಲನ್ನು ತಾವೇ ಕಡಿದಿದ್ದರು! ಬಿರಾದಾರರು ಬದುವಿನ ಮೇಲೆ ಕುಸಿದು ಕೂತರು. ಆಮೇಲೆ ಮೆಲ್ಲಗೆ, "ನಿನ್ನ ಅಂಜಿಕಿ ಸುಳ್ಳಲ್ಲೋ ಭೀಮರಾಯ. ಬ್ಯಾಡಂದ್ರ ನಾ ಹೊಳ್ಳಿ ಹೋಗತೀನಿ. ನಿಮ್ಮ ವೈನಿಗೆ ಒಂದು ಮಾತು ಕೇಳು" ಎಂದರು.

ಮಲ್ಲವ್ವನವರು ಮೈದುನನ ಮುಖ ನೋಡಿ ಹೇಳಿದರು: "ಬಿಲ್ಡರ್ ಬರಾಂವ ಹೆಂಗಿದ್ರೂ ಬರತಾನ. ಆಗ ನಾಕು ಮಂದಿನ್ನ ಕರಿಯಾಕ ಬೇಕಲ್ಲೋ? ಅವತ್ತ ನಿಮ್ಮಣ್ಣಗ ಒಬ್ಬರನ್ನೂ ಕರಿಯಾಕ ಆಗಲಿಲ್ಲ."

ಭೀಮರಾಯ ಅಳುತ್ತಲೇ ಗುದ್ದಲಿ ಎತ್ತಿಕೊಂಡರು. ನಿವೃತ್ತಿಯ ಅಂಚಿನಲ್ಲಿದ್ದ ಬಿರಾದಾರರು ಕೆಸರಿನಲ್ಲೇ ಕೂತು, ಕೂದಲೆಳೆಯಂಥ ಫೈಬರನ್ನು ಒಂದೊಂದಾಗಿ ಬೆಸೆದರು. ಸಂಜೆಯ ಹೊತ್ತಿಗೆ ಲೈನ್ ಬಂತು. ಮಲ್ಲವ್ವನವರು ತವರಿಗೆ ಫೋನ್ ಹಚ್ಚಿದರು, ಆ ಕಡೆಯಿಂದ "ಯಾರವಾ?" ಎಂಬ ದನಿ ಬಂದದ್ದೇ ತಡ, ಗೋಳೋ ಎಂದು ಅತ್ತುಬಿಟ್ಟರು.

ಕಳೆದ ಮಳೆಗಾಲದಲ್ಲಿ ಭೀಮರಾಯರ ಸೊಸೆಯನ್ನು ಹೆರಿಗೆಗೆ ಸಕಾಲದಲ್ಲಿ ಸಾಗಿಸಿದ್ದು ಈ ಲೈನಿನಿಂದಲೇ. ಬಿಲ್ಡರ್ ಇನ್ನೂ ಬಂದಿಲ್ಲ. ಬರುವುದೇ ಇಲ್ಲವೆನ್ನುವ ಧೈರ್ಯ ನಮಗಾರಿಗೂ ಇಲ್ಲ. ಅದಕ್ಕೆಂದೇ ಬಿರಾದಾರರು ನಿವೃತ್ತಿಯ ಮರುವಾರದಿಂದಲೇ ಭೀಮರಾಯರನ್ನು ಕರೆದುಕೊಂಡು, ಜಾಗದ ಕಾಗದಕ್ಕಾಗಿ ಸರಕಾರಿ ಕಚೇರಿಗಳ ಮೆಟ್ಟಿಲು ಹತ್ತತೊಡಗಿದ್ದಾರೆ. ಮುಂಬಯಿಯಲ್ಲಿ ಆ ಕೆಲಸ ಎಷ್ಟು ವರ್ಷ ಹಿಡಿಯುವುದೋ ಬಲ್ಲವರಿಲ್ಲ. ಎಷ್ಟೇ ಹಿಡಿಯಲಿ, ಆ ಕಾಗದ ವಾಡಿಯವರ ಕೈಸೇರುವುದನ್ನು ಕಣ್ಣಾರೆ ಕಾಣುವಷ್ಟು, ಕಂಡ ಮೇಲೂ ಬಹುಕಾಲ ನಮ್ಮೊಡನೆ ಇರುವಷ್ಟು ಆಯುಸ್ಸೂ ಕಸುವೂ ಅವರಿಗಿರಲಿ.